ಕೈ ವಾಪಸ್ ಬಂತು, ಧೈರ್ಯ ಬರಲಿಲ್ಲ: ಬಳ್ಳಾರಿಯ ಒಬ್ಬ ಕಟಿಂಗ್ ಮಾಸ್ಟರ್ ಪ್ರಕರಣ

ಅವರನ್ನು ಎಲ್ಲರೂ ಮಾಸ್ಟರ್ ಅಂತಲೇ ಕರೆಯುತ್ತಾರೆ. ಇಲ್ಲೂ ಹಾಗೇ ಕರೆಯುತ್ತೇನೆ. ವಯಸ್ಸು 54. ಓದಿದ್ದು ಏಳನೇ ಕ್ಲಾಸು. ಬಳ್ಳಾರಿಯ ಕೌಲ್ ಬಜಾರ್ ಕಡೆ ಒಂದು ಜೀನ್ಸ್ ಯೂನಿಟ್‌ನಲ್ಲಿ 26 ವರ್ಷದಿಂದ ಕಟಿಂಗ್ ಕೆಲಸ. ಮನೆಯಲ್ಲಿ ಹೆಂಡತಿ, ಇಬ್ಬರು ಗಂಡುಮಕ್ಕಳು, ಸೊಸೆ, ಒಂದು ವರ್ಷದ ಮೊಮ್ಮಗಳು. ಮಗಳನ್ನು ಮದುವೆ ಮಾಡಿ ಕೊಟ್ಟಿದ್ದಾರೆ. ನಾನು ಇದೇ ಊರಿನಲ್ಲಿ ಆಪ್ತ ಸಮಾಲೋಚಕಿ. ಗಂಡ ಹೆಂಡತಿ ಇಬ್ಬರೂ ಒಪ್ಪಿದ ಮೇಲೆ, ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿ ಇದನ್ನು ಬರೆಯುತ್ತಿದ್ದೇನೆ.

ಮಾರ್ಚ್ ಕೊನೆಯ ಒಂದು ಶುಕ್ರವಾರ. ಮಧ್ಯಾಹ್ನ ಹನ್ನೆರಡೂವರೆ. ಟೇಬಲ್ ಮೇಲೆ ಡೆನಿಮ್ ಬಟ್ಟೆ ಪದರ ಪದರವಾಗಿ ಹಾಸಿತ್ತು. ಮಾಸ್ಟರ್ ಮೇಲಿನ ಪದರದ ಮೇಲೆ ಪ್ಯಾಟರ್ನ್ ಇಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದರು. ಸೀಮೆಸುಣ್ಣ ಕೈಯಿಂದ ಜಾರಿತು. ಬಗ್ಗಿ ಎತ್ತಿಕೊಳ್ಳಲು ಹೋದರು. ಬೆರಳು ಅದರ ಮೇಲೆ ಹೋಯಿತು, ಹಿಡಿಯಲಿಲ್ಲ. ಇನ್ನೊಂದು ಸಲ ನೋಡಿದರು. ಆಗಲೂ ಹಿಡಿಯಲಿಲ್ಲ. ಬಲಗೈ ಪೂರ್ತಿ ಭಾರವಾಗಿ ಇಳಿಬಿತ್ತು. "ಯಾರದೋ ಕೈ ತಂದು ನನ್ನ ಭುಜಕ್ಕ ನೇತು ಹಾಕಿದಂಗ ಇತ್ತು" ಅಂತ ಆಮೇಲೆ ನನಗೆ ಹೇಳಿದರು.

ಪಕ್ಕದಲ್ಲಿ ಹೆಲ್ಪರ್ ಹುಡುಗ ಇದ್ದ. ಹತ್ತೊಂಬತ್ತು ವರ್ಷದವನು. ಅವನಿಗೆ ನೀರು ಕೊಡು ಅಂತ ಹೇಳಬೇಕಿತ್ತು. ಬಾಯಿಂದ ಬಂದದ್ದು ನೀರೂ ಅಲ್ಲ, ಕೊಡೂ ಅಲ್ಲ, ಏನೋ ತೊದಲು. ಹುಡುಗ ನಕ್ಕುಬಿಟ್ಟ. ಮಾಸ್ಟರ್ ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡಿದ್ದ. ಒಂದೆರಡು ಸೆಕೆಂಡಿನ ನಗು. ಮುಖ ನೋಡಿದ ಕೂಡಲೇ ಅವನಿಗೆ ಗೊತ್ತಾಯಿತು, ಓಡಿ ಹೋಗಿ ಆಟೋ ತಂದ. ಆದರೆ ಆ ನಗು ಮಾಸ್ಟರ್ ತಲೆಯಲ್ಲಿ ಉಳಿದುಹೋಯಿತು. ಈ ಪ್ರಕರಣದಲ್ಲಿ ಅದಕ್ಕೆ ದೊಡ್ಡ ಪಾತ್ರವಿದೆ.

ಆಟೋ ಮೋತಿ ಸರ್ಕಲ್ ದಾಟುವಾಗ ಹೆಬ್ಬೆರಳು ಆಡಿತು. ಆಸ್ಪತ್ರೆ ಮುಂದೆ ಇಳಿಯುವಷ್ಟರಲ್ಲಿ ಕೈ ಎತ್ತಲು ಬಂತು, ಮಾತೂ ಬಂತು. ಒಟ್ಟು ಇಪ್ಪತ್ತು ನಿಮಿಷ. ಬಿಪಿ 168/96 ಇತ್ತು. ಸಕ್ಕರೆ ಕಾಯಿಲೆ ಇರುವುದು ಅವತ್ತೇ ಮೊದಲ ಸಲ ಗೊತ್ತಾಯಿತು. ಸಿಟಿ ಸ್ಕ್ಯಾನ್, ಎಂಆರ್‌ಐ, ಇಸಿಜಿ, ಕುತ್ತಿಗೆಯ ರಕ್ತನಾಳದ ಡಾಪ್ಲರ್ ಎಲ್ಲಾ ಮಾಡಿದರು. ಯಾವುದರಲ್ಲೂ ದೋಷ ಕಾಣಲಿಲ್ಲ. ಎರಡು ದಿನ ಇಟ್ಟುಕೊಂಡು ಕಳಿಸಿದರು. ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವ ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್, ಕೊಲೆಸ್ಟ್ರಾಲ್ ಮಾತ್ರೆ, ಬಿಪಿ ಮಾತ್ರೆ, ಸಕ್ಕರೆ ಮಾತ್ರೆ. ಇದರಲ್ಲಿ ಕ್ಲೋಪಿಡೋಗ್ರೆಲ್ 21 ದಿನಕ್ಕೆ ಮಾತ್ರ. ಚೀಟಿಯಲ್ಲಿ ಟಿಐಎ ಅಂತ ಬರೆದಿತ್ತು, ಅಂದರೆ ಮಿದುಳಿಗೆ ರಕ್ತ ಸ್ವಲ್ಪ ಹೊತ್ತು ನಿಂತು ಮತ್ತೆ ಹರಿಯುವುದು. ಬಾಯಲ್ಲಿ ಹೇಳಿದ್ದು ಇಷ್ಟು: "ಮಿನಿ ಸ್ಟ್ರೋಕ್ ಆಗಿತ್ತು. ನಿಮ್ಮ ಅದೃಷ್ಟ ಚೆನ್ನಾಗಿದೆ. ರಿಪೋರ್ಟ್ ಎಲ್ಲಾ ನಾರ್ಮಲ್."

ಚಿಕಿತ್ಸೆಯಲ್ಲಿ ಕೊರತೆ ಇರಲಿಲ್ಲ, ಇದನ್ನು ಸ್ಪಷ್ಟವಾಗಿ ಹೇಳಬೇಕು. ಕೊರತೆ ಇದ್ದದ್ದು ಎರಡು ಪದಗಳಲ್ಲಿ. ಮಿನಿ ಮತ್ತು ನಾರ್ಮಲ್.

ಮಿದುಳಿನ ಒಂದು ರಕ್ತನಾಳಕ್ಕೆ ಸಣ್ಣ ಹೆಪ್ಪು ಬಂದು ಅಡ್ಡ ಕೂರುತ್ತದೆ. ಆ ಭಾಗಕ್ಕೆ ರಕ್ತ ನಿಲ್ಲುತ್ತದೆ. ಮಾಸ್ಟರ್‌ಗೆ ಆಗಿದ್ದು ಎಡ ಮಿದುಳಿನಲ್ಲಿ. ಬಲಗೈಯನ್ನೂ, ಸಾಮಾನ್ಯವಾಗಿ ಮಾತನ್ನೂ ನೋಡಿಕೊಳ್ಳುವುದು ಅದೇ. ಹೆಪ್ಪು ತಾನಾಗಿ ಕರಗಿದರೆ ಅಥವಾ ಸರಿದು ಹೋದರೆ ರಕ್ತ ಮತ್ತೆ ಹರಿಯುತ್ತದೆ, ಕೈ ಮಾತು ವಾಪಸ್ ಬರುತ್ತವೆ. ಹಿಂದೆ 24 ಗಂಟೆಯೊಳಗೆ ಸರಿಹೋದರೆ ಟಿಐಎ ಅನ್ನುತ್ತಿದ್ದರು. 2009ರಲ್ಲಿ ಅಮೆರಿಕದ ಹೃದಯ ಮತ್ತು ಸ್ಟ್ರೋಕ್ ಸಂಘ ಗಂಟೆ ಲೆಕ್ಕ ಬಿಟ್ಟು, ಮಿದುಳಿನ ಜೀವಕೋಶ ಸತ್ತಿದೆಯೋ ಇಲ್ಲವೋ ಅನ್ನುವುದನ್ನು ನೋಡಲು ಹೇಳಿತು. ಅಂದರೆ ಟಿಐಎ ಆದವರ ಎಂಆರ್‌ಐನಲ್ಲಿ ಹೊಸ ಗಾಯ ಇರಲೇಬಾರದು. ರಿಪೋರ್ಟ್ ನಾರ್ಮಲ್ ಬರುವುದು ಏನೂ ಆಗಿಲ್ಲ ಅನ್ನುವುದಕ್ಕೆ ಸಾಕ್ಷಿಯಲ್ಲ, ಅದು ಈ ಕಾಯಿಲೆಯ ಲಕ್ಷಣವೇ. ಇದನ್ನು ಮಾಸ್ಟರ್‌ಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

ಇನ್ನು ಮಿನಿ ಅನ್ನುವ ಮಾತು. ಹಳೆಯ ಲೆಕ್ಕದ ಪ್ರಕಾರ ಟಿಐಎ ಆದ ನೂರು ಜನರಲ್ಲಿ ಸುಮಾರು ಹತ್ತು ಜನಕ್ಕೆ ಮೂರು ತಿಂಗಳೊಳಗೆ ದೊಡ್ಡ ಸ್ಟ್ರೋಕ್ ಆಗುತ್ತಿತ್ತು. ಅದರಲ್ಲಿ ಅರ್ಧದಷ್ಟು ಮೊದಲ ಎರಡು ದಿನದಲ್ಲೇ. 2007ರಲ್ಲಿ ಆಕ್ಸ್‌ಫರ್ಡ್‌ನಿಂದ ಬಂದ ಒಂದು ಅಧ್ಯಯನ ತಕ್ಷಣ ಚಿಕಿತ್ಸೆ ಶುರು ಮಾಡಿದರೆ ಏನಾಗುತ್ತದೆ ಅಂತ ನೋಡಿತು. ಹತ್ತು ಇದ್ದದ್ದು ಎರಡಕ್ಕೆ ಇಳಿಯಿತು. ಮಾಸ್ಟರ್ ಬೇಗ ಆಸ್ಪತ್ರೆ ಸೇರಿದ್ದರು, ಅವತ್ತೇ ಮಾತ್ರೆ ಶುರುವಾಗಿತ್ತು. ಅಂದರೆ ಅವರು ಒಳ್ಳೆಯ ಗುಂಪಿನಲ್ಲಿದ್ದರು. ಆದರೂ ಅವರ ಭಯಕ್ಕೆ ಬುಡ ಇಲ್ಲ ಅನ್ನುವಂತಿರಲಿಲ್ಲ.

ಜೂನ್ ಮೊದಲ ವಾರ ಹೆಂಡತಿ ಅವರನ್ನು ಕರೆದುಕೊಂಡು ಬಂದರು. "ನಿದ್ದಿ ಇಲ್ಲ ಮೇಡಂ, ಅವರಿಗೂ ಇಲ್ಲ ನನಗೂ ಇಲ್ಲ" ಅನ್ನುವುದು ದೂರು. ಮಾಸ್ಟರ್ ಎದುರಿಗೆ ಕುರ್ಚಿಯಲ್ಲಿ ಕೂತರು. ಬಲಗೈ ತೊಡೆಯ ಮೇಲೆ. ಹೆಬ್ಬೆರಳನ್ನು ತೋರುಬೆರಳಿಗೆ ಒತ್ತಿದರು, ನಡುಬೆರಳಿಗೆ, ಉಂಗುರ ಬೆರಳಿಗೆ, ಕಿರುಬೆರಳಿಗೆ. ಆಮೇಲೆ ಅದೇ ದಾರಿಯಲ್ಲಿ ವಾಪಸ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ. ಜಪಸರ ಇಲ್ಲದ ಜಪದ ಹಾಗಿತ್ತು. ಕೈ ಇದೆಯಾ ಅಂತ ನೋಡಿಕೊಳ್ಳುತ್ತಿದ್ದರು. ಒಂದು ರಾತ್ರಿ ಊಟ ಮುಗಿಸುವುದರೊಳಗೆ ಹನ್ನೊಂದು ಸಲ ಆಯಿತು ಅಂತ ಹೆಂಡತಿ ಎಣಿಸಿದ್ದರು.

ಪರೀಕ್ಷೆ ಅಷ್ಟಕ್ಕೇ ನಿಂತಿರಲಿಲ್ಲ. ಕನ್ನಡಿ ಮುಂದೆ ಹಲ್ಲು ಕಿರಿದು ಬಾಯಿ ಸೊಟ್ಟ ಆಗಿದೆಯಾ ಅಂತ ನೋಡುತ್ತಿದ್ದರು. ಬಿಪಿ ಮಷೀನ್ ತಂದಿದ್ದರು. ಒಂದು ನೋಟ್‌ಬುಕ್ ತುಂಬಾ ಅಂಕಿ. ಒಂದೇ ದಿನದಲ್ಲಿ 23 ಸಲ ನೋಡಿದ್ದೂ ಇತ್ತು. ಆ ಪುಟ ನೋಡಿದರೆ ವಿಷಯ ತಿಳಿಯುತ್ತಿತ್ತು: ಬೆಳಿಗ್ಗೆ 132, ಗಾಬರಿಯಾಗಿ ಮತ್ತೆ ನೋಡಿದರೆ 140, ಇನ್ನೂ ಗಾಬರಿಯಾಗಿ ನೋಡಿದರೆ 152. ಭಯವೇ ಬಿಪಿ ಏರಿಸುತ್ತಿತ್ತು, ಏರಿದ ಬಿಪಿ ಭಯ ಏರಿಸುತ್ತಿತ್ತು. ಸ್ನಾನಕ್ಕೆ ಹೋದರೆ ಚಿಲಕ ಹಾಕುತ್ತಿರಲಿಲ್ಲ, ಹೆಂಡತಿ ಬಚ್ಚಲ ಹೊರಗೆ ನಿಲ್ಲಬೇಕು. ಯೂನಿಟ್ ಇರುವ ಬೀದಿಗೆ ಹೋಗುತ್ತಿರಲಿಲ್ಲ. ಮೊಮ್ಮಗಳನ್ನು ಎತ್ತಿಕೊಳ್ಳುವುದು ಬಿಟ್ಟಿದ್ದರು. ಮಗು ಎರಡೂ ಕೈ ಚಾಚಿದರೆ "ಅಜ್ಜಿ ಹತ್ರ ಹೋಗು" ಅನ್ನುತ್ತಿದ್ದರು. ಇದನ್ನು ಹೇಳುವಾಗ ಮಾಸ್ಟರ್ ನೆಲ ನೋಡಿದರು.

ರಾತ್ರಿ ಎರಡು ಗಂಟೆಗೆ ಎಚ್ಚರ. ಕತ್ತಲಲ್ಲಿ ಎದ್ದು ಕೂತು ಊರ ಹೆಸರು ಹೇಳುತ್ತಿದ್ದರು. "ಕುಡತಿನಿ, ತೋರಣಗಲ್ಲು, ಹೊಸಪೇಟೆ, ಮುನಿರಾಬಾದ್, ಕೊಪ್ಪಳ." ನಾಲಿಗೆ ಸರಿಯಾಗಿ ತಿರುಗುತ್ತದಾ ಅಂತ. ಹೆಂಡತಿ ಮೊದಲ ರಾತ್ರಿ ಇದನ್ನು ಕೇಳಿ, ಗಂಡನಿಗೆ ತಲೆ ಕೆಟ್ಟಿತು ಅಂತ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಿದ್ದರಂತೆ.

ಮನೆಯವರ ಕಡೆಯಿಂದಲೂ ನೋಡಬೇಕು. ದೊಡ್ಡ ಮಗ "ರಿಪೋರ್ಟ್ ನಾರ್ಮಲ್ ಐತಿ, ಕೈ ಆಡ್ತೈತಿ, ಮತ್ತ್ಯಾಕ ಮನ್ಯಾಗ ಕುಂದರದು?" ಅಂತ ಕೇಳಿದ್ದ. ಅವನು ಕೆಟ್ಟವನಲ್ಲ. ಅಪ್ಪನ ಕೂಲಿ ನಿಂತಿತ್ತು, ಮನೆ ನಡೆಯಬೇಕಿತ್ತು. ಸಂಬಂಧಿಕರೊಬ್ಬರು ಇದು ಲಕ್ವಾನೇ, ಪಾರಿವಾಳದ ರಕ್ತ ಹಚ್ಚಿ ತಿಕ್ಕಿಸಿ ಅಂದಿದ್ದರು. ಇನ್ನೊಬ್ಬರು ಲಕ್ವಾ ಅಲ್ಲವೇ ಅಲ್ಲ, ಉಷ್ಣ ಅಂದಿದ್ದರು. ಎದುರು ಮನೆಯಲ್ಲಿ ಲಕ್ವಾ ಹೊಡೆದು ನಾಲ್ಕು ವರ್ಷದಿಂದ ಮಲಗಿದವರು ಇದ್ದಾರೆ, ಅವರನ್ನು ನೋಡಲು ಹಣ್ಣು ಹಿಡಿದು ಜನ ಬರುತ್ತಾರೆ. "ನಂದು ಯಾರಿಗೆ ಕಾಣ್ತೈತಿ ಮೇಡಂ? ಕುಂಟಿದ್ರ ಕಾಣ್ತಿತ್ತು" ಅಂದರು ಮಾಸ್ಟರ್.

ಈಗ ನನ್ನ ತಪ್ಪಿನ ವಿಷಯ. ಆ ಮೊದಲ ಭೇಟಿಯಲ್ಲಿ ನಾನು ಫೈಲ್ ತಿರುವಿ ಹಾಕಿ, "ಎಲ್ಲಾ ನಾರ್ಮಲ್ ಇದೆಯಲ್ಲಾ ಮಾಸ್ಟರ್, ಧೈರ್ಯವಾಗಿರಿ" ಅಂದೆ. ಅವರು ತಲೆಯಾಡಿಸಿದರು. ಕೈಮುಗಿದು ಎದ್ದರು. ಮುಂದಿನ ವಾರ ಬರಲಿಲ್ಲ, ಅದರ ಮುಂದಿನ ವಾರವೂ ಬರಲಿಲ್ಲ. ಮೂರನೇ ವಾರ ಹೆಂಡತಿಯ ಒತ್ತಾಯಕ್ಕೆ ಬಂದಾಗ ನೇರವಾಗಿ ಹೇಳಿದರು: "ಎಲ್ಲಾ ನಾರ್ಮಲ್ ಇದ್ರ ನನಗ ಹುಚ್ಚು ಅಂತ ಆತಲ್ಲ ಮೇಡಂ." ಆಸ್ಪತ್ರೆಯಲ್ಲಿ ಕೇಳಿ, ಮನೆಯಲ್ಲಿ ಕೇಳಿ, ಕೊನೆಗೆ ನನ್ನ ಬಾಯಲ್ಲೂ ಅದೇ ಮಾತು ಕೇಳಿದ್ದರು. ನಾನು ಕ್ಷಮೆ ಕೇಳಿದೆ. ಆ ಎರಡು ವಾರ ಅವರು ಅನುಭವಿಸಿದ್ದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಅವತ್ತು ಬೇರೆ ಏನೂ ಕೇಳಲಿಲ್ಲ. ಆ ಇಪ್ಪತ್ತು ನಿಮಿಷ ಏನೇನಾಯಿತು, ಮೊದಲಿನಿಂದ ಹೇಳಿ ಅಂದೆ. ಮೂರು ತಿಂಗಳಲ್ಲಿ ಅದನ್ನು ಪೂರ್ತಿಯಾಗಿ ಯಾರೂ ಕೇಳಿರಲಿಲ್ಲ. ಇಪ್ಪತ್ತು ನಿಮಿಷದ ಕಥೆಗೆ ಐವತ್ತು ನಿಮಿಷ ಹಿಡಿಯಿತು. ಸೀಮೆಸುಣ್ಣ, ಕೈ, ಹುಡುಗನ ನಗು. ಹುಡುಗನ ನಗು ಬಂದಾಗ ಮಾತು ನಿಂತಿತು. ಅಂಥ ಹೊತ್ತಲ್ಲಿ ಒಬ್ಬರ ಮುಂದೆ ಬಾಯಿ ತೆಗೆದು, ಅವರು ನಕ್ಕರೆ ಹೇಗಾಗಬೇಕು. ಆಮೇಲೆ ಆಟೋದೊಳಗಿನ ವಿಷಯ ಬಂತು. ಮಗಳ ಮದುವೆಗೆ ಅಂತ ಮಾಸ್ಟರ್ ಒಬ್ಬರ ಹತ್ತಿರ ಒಂದೂವರೆ ಲಕ್ಷ ಕೈಸಾಲ ತಗೊಂಡಿದ್ದರು. ಹೆಂಡತಿಗೆ ಗೊತ್ತಿಲ್ಲ, ಮಗನಿಗೂ ಗೊತ್ತಿಲ್ಲ. ಕಾಗದ ಪತ್ರ ಇಲ್ಲ. ಅರ್ಧ ತೀರಿಸಿದ್ದರು. ಆಟೋದಲ್ಲಿ ಹುಡುಗನಿಗೆ ಆ ಲೆಕ್ಕ ಹೇಳಿಬಿಡಬೇಕು ಅಂತ ಒದ್ದಾಡಿದ್ದರು. ಹೇಳಲು ಹೋದರೆ ಶಬ್ದ ಬರುತ್ತಿಲ್ಲ. "ನಾ ಹ್ವಾದ್ರ ಹೋಗಲಿ. ಅರ್ಧ ಕೊಟ್ಟದ್ದು ಯಾರಿಗೂ ಗೊತ್ತಾಗದಂಗ ಹೋಗ್ತೀನಲ್ಲ ಅಂತ ಹೊಟ್ಟ್ಯಾಗ ಬೆಂಕಿ ಬಿತ್ತು."

ರಾತ್ರಿ ಎರಡಕ್ಕೆ ಊರ ಹೆಸರು ಹೇಳುವುದರ ಅರ್ಥ ನನಗೆ ಆಗ ತಿಳಿಯಿತು. ಅವರಿಗೆ ಸಾವಿನ ಭಯ ಇದ್ದೇ ಇತ್ತು. ಅದಕ್ಕಿಂತ ಜಾಸ್ತಿ, ಮಾತು ಹೋಗುವ ಭಯ. ಹೇಳಬೇಕಾದ್ದು ಒಳಗೇ ಉಳಿಯುವ ಭಯ.

ಆ ದಿನವೇ ಎರಡು ಪ್ರಶ್ನಾವಳಿ ತುಂಬಿಸಿದೆ. ಖಿನ್ನತೆಯ ಪಿಎಚ್‌ಕ್ಯೂ-9ರಲ್ಲಿ 27ಕ್ಕೆ 12. ಆತಂಕದ ಜಿಎಡಿ-7ರಲ್ಲಿ 21ಕ್ಕೆ 16, ಇದು ತೀವ್ರ ಮಟ್ಟ. ಘಟನೆ ಕಣ್ಣಮುಂದೆ ಬರುವುದು, ಆ ಜಾಗದಿಂದ ದೂರ ಉಳಿಯುವುದು, ಸದಾ ಎಚ್ಚರದಲ್ಲಿರುವುದು, ಸಣ್ಣ ಶಬ್ದಕ್ಕೂ ಬೆಚ್ಚುವುದು, ಇವೆಲ್ಲ ಇದ್ದವು. ಭೂಕಂಪ, ಅಪಘಾತ ಕಂಡವರಲ್ಲಿ ಕಾಣುವ ಆಘಾತೋತ್ತರ ಒತ್ತಡದ ಚಿತ್ರ ಇದೇ. ಇಪ್ಪತ್ತು ನಿಮಿಷದ ಕಾಯಿಲೆಗೆ ಇಷ್ಟೊಂದಾ ಅಂತ ಅನ್ನಿಸಬಹುದು. ಜರ್ಮನಿಯಲ್ಲಿ ಟಿಐಎ ಆದ 108 ಜನರಿಂದ ಮೂರು ತಿಂಗಳ ನಂತರ ಪ್ರಶ್ನಾವಳಿ ತುಂಬಿಸಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಸುಮಾರು ಶೇಕಡಾ ಮೂವತ್ತರಷ್ಟು ಜನರಲ್ಲಿ ಇದೇ ಒತ್ತಡದ ಲಕ್ಷಣ ಇದ್ದವು. ತನಗೆ ಮತ್ತೆ ಸ್ಟ್ರೋಕ್ ಆಗುವ ಅಪಾಯ ತುಂಬಾ ಜಾಸ್ತಿ ಅಂತ ನಂಬಿದವರಲ್ಲಿ ಇದು ಹೆಚ್ಚು ಕಂಡಿತ್ತು. ಮಾಸ್ಟರ್ ಕಥೆ ನಮ್ಮ ಊರಿನದಾದರೂ ಒಂಟಿ ಕಥೆಯಲ್ಲ.

ಸುಸ್ತು ಬೇರೆ ಇತ್ತು. ಮಧ್ಯಾಹ್ನದ ಹೊತ್ತಿಗೆ ಕಣ್ಣು ಎಳೆಯುತ್ತಿತ್ತು. ಒಂದೊಂದು ಪದ ನಾಲಿಗೆ ತುದಿಯಲ್ಲೇ ನಿಲ್ಲುತ್ತಿತ್ತು. ಟಿಐಎ ನಂತರ ಹೀಗಾಗುವುದು ಅಪರೂಪವಲ್ಲ. ಇವರ ವಿಷಯದಲ್ಲಿ ನಿದ್ದೆಗೇಡಿನ ಪಾಲೆಷ್ಟು, ಮಿದುಳಿನ ಪಾಲೆಷ್ಟು ಅಂತ ಬಿಡಿಸಿ ಹೇಳುವುದು ಕಷ್ಟ. ಜೊತೆಗೆ ಇಪ್ಪತ್ತು ವರ್ಷದ ಗುಟ್ಕಾವನ್ನು ಒಂದೇ ದಿನದಲ್ಲಿ ಬಿಟ್ಟಿದ್ದರು. ಅದಕ್ಕೆ ಅವರನ್ನು ಮೆಚ್ಚಬೇಕು. ಆದರೆ ಗುಟ್ಕಾ ಬಿಟ್ಟ ಮೊದಲ ವಾರಗಳ ಸಿಡಿಮಿಡಿಯೂ ಭಯದ ಲೆಕ್ಕಕ್ಕೇ ಸೇರಿಹೋಗಿತ್ತು.

ಮೂರನೇ ಭೇಟಿಯಲ್ಲಿ ನಾನು ಎದುರು ನೋಡದ ಒಂದು ವಿಷಯ ಹೊರಬಿತ್ತು. ಸೆಕೆ ಇತ್ತು, ಮಾಸ್ಟರ್ ಅಂಗಿ ತೋಳು ಮಡಿಸಿದರು. ಎಡ ಮುಂಗೈ ಮೇಲೆ ಎರಡು ದೊಡ್ಡ ನೀಲಿ ಕಲೆ. ಎಲ್ಲಾದರೂ ತಾಗಿಸಿಕೊಂಡಿರಾ ಅಂದೆ. ಇಲ್ಲ ಅಂದರು. ಹೆಂಡತಿ, "ಹಲ್ಲು ತಿಕ್ಕುವಾಗೂ ರಕ್ತ ಬರ್ತೈತಿ" ಅಂದರು. ಮಾತ್ರೆ ಯಾವ್ಯಾವುದು ತಗೊಳ್ಳುತ್ತಿದ್ದೀರಿ ಅಂತ ಕೇಳಿದಾಗ ಸ್ವಲ್ಪ ಹೊತ್ತು ಸುಮ್ನಿದ್ದು ಒಪ್ಪಿಕೊಂಡರು. 21 ದಿನಕ್ಕೆ ನಿಲ್ಲಿಸಬೇಕಿದ್ದ ಕ್ಲೋಪಿಡೋಗ್ರೆಲ್ ನಿಲ್ಲಿಸಿರಲೇ ಇಲ್ಲ. ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ತರುತ್ತಿದ್ದರು. "ಎರಡು ಮಾತ್ರಿ ಇದ್ದಾಗ ಎರಡು ಬಾಗ್ಲ ಹಾಕಿದಂಗ ಇತ್ತು. ಒಂದು ತೆಗೀರಿ ಅಂದ್ರ ಹ್ಯಾಂಗ ನಿದ್ದಿ ಬರಬೇಕು?"

ಅವರ ಲೆಕ್ಕ ತಪ್ಪಾಗಿತ್ತು, ಆದರೆ ಅದರಲ್ಲಿ ತರ್ಕ ಇತ್ತು. ಆ ಮಾತ್ರೆ ಯಾಕೆ ಮೂರು ವಾರ ಮಾತ್ರ ಅಂತ ಯಾರೂ ಹೇಳಿರಲಿಲ್ಲ. ಅವತ್ತೇ ಫೋನ್ ಮಾಡಿ ಅವರ ಫಿಜಿಷಿಯನ್ ಹತ್ತಿರ ಕಳಿಸಿದೆ. ಈ ಸಲ ಆ ಡಾಕ್ಟರ್ ಹತ್ತು ನಿಮಿಷ ಕೂರಿಸಿಕೊಂಡು ವಿವರಿಸಿದರು. ಅಪಾಯ ಹೆಚ್ಚು ಇರುವುದು ಮೊದಲ ದಿನಗಳಲ್ಲಿ, ಅದಕ್ಕೇ ಎರಡು ಮಾತ್ರೆ. ದಿನ ಕಳೆದ ಹಾಗೆ ಸ್ಟ್ರೋಕ್ ಅಪಾಯ ಇಳಿಯುತ್ತದೆ, ಎರಡೂ ಒಟ್ಟಿಗೆ ತಗೊಂಡರೆ ರಕ್ತಸ್ರಾವದ ಅಪಾಯ ಮಾತ್ರ ಉಳಿದೇ ಇರುತ್ತದೆ. ಆಮೇಲೆ ಒಂದೇ ಸಾಕು, ಆ ಒಂದನ್ನು ತಪ್ಪಿಸಬಾರದು. 2013ರಲ್ಲಿ ಚೀನಾದಲ್ಲಿ ಸಾವಿರಾರು ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಈ 21 ದಿನದ ಕ್ರಮ ಬೇರೂರಿತು. ಮಾಸ್ಟರ್ ಎರಡನೇ ಮಾತ್ರೆ ನಿಲ್ಲಿಸಿದರು. ನನಗೆ ಆ ವಾರ ಅವರಷ್ಟೇ ಆತಂಕ ಇತ್ತು. ಕಲೆ ನಿಧಾನವಾಗಿ ಮಾಸಿತು.

ಮಾತ್ರೆ ಪೆಟ್ಟಿಗೆ ನೋಡದೆ ಮನಸ್ಸಿನ ಕೆಲಸ ಶುರು ಮಾಡಬಾರದು ಅಂತ ಈ ಪ್ರಕರಣ ನನಗೆ ಕಲಿಸಿತು. ಇಂಥ ಭಯದಲ್ಲಿ ಕೆಲವರು ಮಾತ್ರೆ ನೋಡಿದರೆ ಕಾಯಿಲೆ ನೆನಪಾಗುತ್ತದೆ ಅಂತ ಬಿಟ್ಟೇಬಿಡುತ್ತಾರೆ. ಮಾಸ್ಟರ್‌ನಂಥವರು ಹೇಳಿದ್ದಕ್ಕಿಂತ ಜಾಸ್ತಿ ನುಂಗುತ್ತಾರೆ.

ಮನೋವೈದ್ಯರಿಗೂ ತೋರಿಸಿದೆವು. ಅವರು ಆತಂಕ ಮತ್ತು ಖಿನ್ನತೆಗೆ ಕೊಡುವ ಒಂದು ಮಾತ್ರೆಯನ್ನು ಕಡಿಮೆ ಪ್ರಮಾಣದಲ್ಲಿ ಶುರು ಮಾಡಿದರು. ಆ ಗುಂಪಿನ ಮಾತ್ರೆಗಳೂ ಆಸ್ಪಿರಿನ್ ಜೊತೆ ಸೇರಿದರೆ ರಕ್ತಸ್ರಾವದ ಸಾಧ್ಯತೆ ಸ್ವಲ್ಪ ಹೆಚ್ಚಿಸುತ್ತವೆ. ಅದಕ್ಕೇ ಕ್ಲೋಪಿಡೋಗ್ರೆಲ್ ನಿಂತ ಮೇಲಷ್ಟೇ ಕೊಟ್ಟರು, ಹೊಟ್ಟೆಯ ರಕ್ಷಣೆಗೂ ಒಂದು ಬರೆದರು.

ಇಲ್ಲಿ ಒಂದು ಮಾತು, ಬಳ್ಳಾರಿಯವಳಾಗಿ ಹೇಳದೆ ಇರಲಾರೆ. ಮನೋವೈದ್ಯರು ಅಂದಾಗ ಮಾಸ್ಟರ್ ಮುಖ ಬಾಡಿತ್ತು. ಹುಚ್ಚರ ಡಾಕ್ಟರ್ ಹತ್ತಿರ ಕಳಿಸುತ್ತೀರಾ ಅಂದರು. ನಾನು ನಮ್ಮ ಜಿಲ್ಲೆಯದೇ ಕಥೆ ಹೇಳಿದೆ. 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನವರು ಬಳ್ಳಾರಿಗೆ ಬಂದು, ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆ ಗುರುತಿಸಿ ಔಷಧಿ ಕೊಡುವ ತರಬೇತಿ ಕೊಟ್ಟರು. 1990ರವರೆಗೆ ನಡೆದ ಆ ಪ್ರಯೋಗಕ್ಕೆ ಬಳ್ಳಾರಿ ಮಾದರಿ ಅಂತಲೇ ಹೆಸರು. 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದಾಗ ಅದಕ್ಕೆ ಅಡಿಪಾಯ ಆಗಿದ್ದು ಇದೇ ಮಾದರಿ. ಬಿಪಿಗೆ ಹೋಗುವ ಆಸ್ಪತ್ರೆಗೇ ಮನಸ್ಸಿನ ನೋವಿಗೂ ಹೋಗಬಹುದು ಅಂತ ದೇಶಕ್ಕೆ ತೋರಿಸಿದ್ದು ನಮ್ಮ ಊರು ಮಾಸ್ಟರ್ ಅಂದೆ. ಅವರು "ಹಂಗಾ?" ಅಂದರು. ಹೋಗಲು ಒಪ್ಪಿದರು. ಈಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಕೂಡ ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ಆ ನಂಬರನ್ನು ಹೆಂಡತಿಯ ಫೋನ್‌ನಲ್ಲಿ ಸೇವ್ ಮಾಡಿಕೊಟ್ಟೆ.

ಕೆಲಸ ಶುರುವಾಗಿದ್ದು ಸಾಲದಿಂದ. ನನ್ನ ಕೋಣೆಯಲ್ಲೇ ಮಾಸ್ಟರ್ ಹೆಂಡತಿಗೆ ಹೇಳಿದರು. ಆಕೆ ಬೈಯಲಿಲ್ಲ. "ಇಷ್ಟಕ್ಕ ಇಷ್ಟ ದಿನ ಒಬ್ಬರ ಒದ್ದಾಡಿದ್ರಾ?" ಅಂದರು, ಕಣ್ಣು ಒರೆಸಿಕೊಂಡರು. ಬಿಪಿ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಯಾರಿಗೆ, ಎಷ್ಟು, ಎಷ್ಟು ಕೊಟ್ಟಾಯಿತು, ಎಷ್ಟು ಬಾಕಿ ಅಂತ ಮಾಸ್ಟರ್ ತಮ್ಮ ಬಲಗೈಯಲ್ಲೇ ಬರೆದರು. ಹೆಂಡತಿ ಪಕ್ಕದಲ್ಲಿ ಸಹಿ ಹಾಕಿದರು. ಮುಂದಿನ ವಾರ ಬಂದಾಗ ರಾತ್ರಿ ಊರ ಹೆಸರು ಹೇಳುವುದು ನಾಲ್ಕು ದಿನ ಇರಲಿಲ್ಲ ಅಂದರು. ನಾನು ಹೇಳಿಕೊಟ್ಟ ಯಾವ ಉಸಿರಾಟದ ಅಭ್ಯಾಸಕ್ಕಿಂತಲೂ ಆ ಪುಟ ಹೆಚ್ಚು ಕೆಲಸ ಮಾಡಿತು ಅಂತ ನನ್ನ ನಂಬಿಕೆ.

ಎರಡನೆಯದು ಒಂದು ಚೀಟಿ. ಫಿಜಿಷಿಯನ್ ಜೊತೆ ಮಾತಾಡಿಯೇ ಬರೆದದ್ದು. ದಿಢೀರ್ ಅಂತ ಬಾಯಿ ಸೊಟ್ಟ ಆದರೆ, ಒಂದು ಕಡೆಯ ಕೈ ಅಥವಾ ಕಾಲು ಬಿದ್ದರೆ, ಮಾತು ತೊದಲಿದರೆ, ಯೋಚನೆ ಮಾಡುವುದೇ ಬೇಡ. 108ಕ್ಕೆ ಫೋನ್, ಶುರುವಾದ ಟೈಮ್ ಬರೆದಿಡಿ, ಆಸ್ಪತ್ರೆಗೆ ಹೊರಡಿ. ಕಡಿಮೆ ಆಗುತ್ತಿದ್ದರೂ ಹೊರಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ನಾಲ್ಕೂವರೆ ಗಂಟೆಯ ಮಿತಿ ಇದೆ. ಇದನ್ನು ಗೋಡೆಗೆ ಅಂಟಿಸಿ, ಮನೆಯವರೆಲ್ಲ ಓದಿಕೊಂಡರು. ಕಾಯುವ ಕೆಲಸ ಅದುವರೆಗೆ ಮಾಸ್ಟರ್ ಒಬ್ಬರದೇ ಆಗಿತ್ತು. ಈಗ ಐದು ಜನಕ್ಕೆ ಹಂಚಿತು. ದೊಡ್ಡ ಮಗ ಮೊದಲ ಸಲ ಟಿಐಎ ಅಂದರೆ ಏನು ಅಂತ ಕೇಳಿದ್ದು ಆ ಚೀಟಿ ಓದಿದ ಮೇಲೆ. ಅವನಿಗೆ ವಿವರಿಸುತ್ತಿದ್ದಾಗ ನಾನು ಒಂದು ಮಾತು ಒತ್ತಿ ಹೇಳಿದೆ: ನಿಮ್ಮ ಅಪ್ಪ ಸೋಮಾರಿಯಾಗಿಲ್ಲ, ಹೆದರಿದ್ದಾರೆ.

ಬೆರಳು ಎಣಿಸುವುದನ್ನು ನಿಲ್ಲಿಸಿ ಅಂತ ನಾನು ಹೇಳಲಿಲ್ಲ. ಹೇಳಿದ್ದರೆ ಕದ್ದು ಎಣಿಸುತ್ತಿದ್ದರು. ಎಣಿಸಬೇಕು ಅನ್ನಿಸಿದಾಗ ಎರಡು ನಿಮಿಷ ತಡೆದು ಆಮೇಲೆ ಎಣಿಸಿ ಅಂದೆ. ಮುಂದೆ ಐದು ನಿಮಿಷ, ಹತ್ತು ನಿಮಿಷ. ತಡೆದ ಹೊತ್ತಲ್ಲಿ ಭಯ ಏರುತ್ತದೆ, ಒಂದು ಮಟ್ಟಕ್ಕೆ ಹೋಗಿ ತಾನೇ ಇಳಿಯಲು ಶುರುವಾಗುತ್ತದೆ. ಅದನ್ನು ಅವರೇ ಕಂಡುಕೊಳ್ಳಬೇಕಿತ್ತು. ಎಣಿಸಿದ ಕೂಡಲೇ ಸಿಗುವ ನೆಮ್ಮದಿ ಎರಡು ನಿಮಿಷದ್ದು, ಆಮೇಲೆ ಮತ್ತೆ ಎಣಿಸುವ ಹಾಗೆ ಮಾಡುವುದೂ ಅದೇ ನೆಮ್ಮದಿ. ಬಿಪಿ ಮಷೀನ್ ಸೊಸೆಯ ಬೀರುವಿಗೆ ಹೋಯಿತು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಆಕೆಯೇ ನೋಡುತ್ತಿದ್ದಳು. ಒಂದು ತಿಂಗಳಾದ ಮೇಲೆ ನೋಟ್‌ಬುಕ್ಕಿನಲ್ಲಿ ಬಹುಪಾಲು ಅಂಕಿ 130ರ ಆಸುಪಾಸಿಗೆ ಬಂದವು.

ಯೂನಿಟ್‌ಗೆ ಹೋಗುವುದನ್ನು ಮೆಟ್ಟಿಲು ಮೆಟ್ಟಿಲಾಗಿ ಮಾಡಿದೆವು. ಮೊದಲ ದಿನ ಬೀದಿಯ ತುದಿವರೆಗೆ. ಆಮೇಲೆ ಬಾಗಿಲವರೆಗೆ. ಆಮೇಲೆ ಒಳಗೆ ಕೂತು ಟೀ ಕುಡಿದು ವಾಪಸ್. ಆ ಟೀ ಕುಡಿಯುವ ದಿನ ಹೆಲ್ಪರ್ ಹುಡುಗ ಹತ್ತಿರ ಬಂದು ನಿಂತನಂತೆ. ಮೂರೂವರೆ ತಿಂಗಳಿಂದ ಅವನಿಗೂ ಒಳಗೆ ಕೊರೆಯುತ್ತಿತ್ತು. "ಮಾಸ್ಟರ್, ಅವತ್ತು ನಾ ನಕ್ಕಬಿಟ್ಟೆ. ನೀವು ಚಾಷ್ಟಿ ಮಾಡ್ತೀರಿ ಅನ್ಕೊಂಡೆ. ತಪ್ಪಾತ್ರಿ" ಅಂದ. ಮಾಸ್ಟರ್ ಏನೂ ಹೇಳಲಿಲ್ಲ, ಅವನ ಭುಜದ ಮೇಲೆ ಕೈ ಇಟ್ಟರಂತೆ. ಯಾವ ಕೈ ಅಂತ ನಾನು ಕೇಳಿದೆ. ಬಲಗೈ.

ಸೀಮೆಸುಣ್ಣ ಹಿಡಿಯಲು ಇನ್ನೂ ಎರಡು ವಾರ ಬೇಕಾಯಿತು. ಆಮೇಲೆ ಕತ್ತರಿಯಲ್ಲಿ ಒಂದು ಪದರ. ಕಟಿಂಗ್ ಮಷೀನ್ ವಿಷಯದಲ್ಲಿ ನಾನು ಅವಸರ ಮಾಡಲಿಲ್ಲ. ಬ್ಲೇಡ್ ಓಡುವಾಗ ಕೈ ಬಿದ್ದರೆ ಅನ್ನುವ ಅವರ ಭಯ ಪೂರ್ತಿ ಕಲ್ಪನೆಯಲ್ಲ. ಫಿಜಿಷಿಯನ್ ಒಪ್ಪಿದ ಮೇಲೆ, ಹುಡುಗ ಸ್ವಿಚ್ ಪಕ್ಕದಲ್ಲಿ ನಿಂತಿರುವಾಗ, ದಿನಕ್ಕೆ ಅರ್ಧ ಗಂಟೆ ಅಂತ ಸೆಪ್ಟೆಂಬರ್‌ನಲ್ಲಿ ಶುರುವಾಯಿತು. ಯೂನಿಟ್ ಮಾಲೀಕರು ಮಧ್ಯಾಹ್ನ ಎರಡರವರೆಗೆ ಮಾತ್ರ ಕೆಲಸ ಅಂತ ಒಪ್ಪಿಕೊಂಡರು. ಕೂಲಿ ಕಡಿಮೆಯಾಯಿತು, ಅದು ಮನೆಗೆ ಹೊರೆಯೇ.

ಆಗಸ್ಟ್ ಕೊನೆಯಲ್ಲಿ ಒಂದು ರಾತ್ರಿ ಎದೆ ಡವಗುಟ್ಟಿ, ಎರಡೂ ಕೈ ಜುಮ್ಮೆಂದು, ಬಾಯಿ ಸುತ್ತ ಮರಗಟ್ಟಿದ ಹಾಗಾಯಿತು. ಚೀಟಿಯಲ್ಲಿದ್ದ ಮೂರೂ ಇರಲಿಲ್ಲ. ಆದರೂ ಮಗ ಆಸ್ಪತ್ರೆಗೆ ಕರೆದುಕೊಂಡು ಹೋದ. ಪರೀಕ್ಷೆಯಲ್ಲಿ ಅದು ಗಾಬರಿಯ ಅಟ್ಯಾಕ್ ಅಂತ ಗೊತ್ತಾಯಿತು. ಮಾಸ್ಟರ್ ನನ್ನೆದುರು ನಾಚಿಕೊಂಡು ಕೂತರು, ಎಲ್ಲಾ ಹಾಳು ಮಾಡಿಕೊಂಡೆ ಅನ್ನುವ ಹಾಗೆ. ನನಗೆ ಹಾಗನ್ನಿಸಲಿಲ್ಲ. ಹೋಗಿದ್ದು ಸರಿ. ಟಿಐಎ ಆದವರಿಗೆ, ಹೊಸದಾಗಿ ಏನಾದರೂ ಆದರೆ ಸುಮ್ನೆ ಮಲಗಿ, ಎಲ್ಲಾ ಮನಸ್ಸಿನದು ಅಂತ ಹೇಳುವ ಹಕ್ಕು ನನಗಿಲ್ಲ, ಯಾರಿಗೂ ಇಲ್ಲ. ಅವತ್ತಿನ ವ್ಯತ್ಯಾಸವನ್ನು ಒಟ್ಟಿಗೆ ನೋಡಿದೆವು. ಮಾರ್ಚ್‌ನಲ್ಲಿ ಒಂದೇ ಕಡೆ ಶಕ್ತಿ ಹೋಗಿತ್ತು, ಒಂದೇ ಸಲಕ್ಕೆ, ನೋವಿಲ್ಲದೆ. ಆಗಸ್ಟ್‌ನಲ್ಲಿ ಎರಡೂ ಕಡೆ, ನಿಧಾನವಾಗಿ ಏರುತ್ತಾ, ಉಸಿರು ಜೋರಾಗಿ. ಶಕ್ತಿ ಹೋಗಿರಲಿಲ್ಲ, ಲೋಟ ಹಿಡಿದಿದ್ದರು. ಅನುಮಾನ ಬಂದರೆ ಮುಂದಿನ ಸಲವೂ ಹೋಗಿ ಅಂದೆ. ಅಂಥ ರಾತ್ರಿ ಆಮೇಲೆ ಇನ್ನೊಂದು ಬಂತು ಅಷ್ಟೆ.

ಹೆಂಡತಿಯ ಬಗ್ಗೆ ಬರೆಯದಿದ್ದರೆ ಅನ್ಯಾಯವಾಗುತ್ತದೆ. ಎಲ್ಲರೂ ಮಾಸ್ಟರ್ ನಿದ್ದೆ ಬಗ್ಗೆ ಕೇಳಿದೆವು. ಆಕೆ ರಾತ್ರಿಯೆಲ್ಲಾ ಗಂಡನ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುತ್ತಿದ್ದರು. ಅವರದೂ ಒಂದು ಎಣಿಕೆ. ಅದನ್ನು ನನಗೆ ಹೇಳಿದ್ದು ಆರನೇ ಭೇಟಿಯಲ್ಲಿ, ಗಂಡ ನೀರು ಕುಡಿಯಲು ಹೊರಗೆ ಹೋದಾಗ, ಮೆಲ್ಲಗೆ. ಆಮೇಲಿನ ಎರಡು ಭೇಟಿ ಆಕೆಗೇ ಮೀಸಲಿಟ್ಟೆ. ಮೊದಲೇ ಇಡಬೇಕಿತ್ತು.

ನವೆಂಬರ್‌ನಲ್ಲಿ ಕೊನೆಯ ಭೇಟಿ. ಪಿಎಚ್‌ಕ್ಯೂ-9 ಐದಕ್ಕೆ ಇಳಿದಿತ್ತು, ಜಿಎಡಿ-7 ಆರಕ್ಕೆ. ಮಾತ್ರೆ ಇನ್ನೂ ಮುಂದುವರಿದಿದೆ, ಯಾವಾಗ ನಿಲ್ಲಿಸುವುದು ಅಂತ ಮನೋವೈದ್ಯರು ನೋಡುತ್ತಾರೆ. ಬಚ್ಚಲ ಚಿಲಕ ಹಾಕುತ್ತಾರೆ. ಆ ಹಳೇ ಟೇಬಲ್ ಹತ್ತಿರ ಮಾತ್ರ ನಿಲ್ಲುವುದಿಲ್ಲ, ಕಿಟಕಿ ಪಕ್ಕದ ಇನ್ನೊಂದರಲ್ಲಿ ಕೆಲಸ ಮಾಡುತ್ತಾರೆ. ಮೊಮ್ಮಗಳನ್ನು ಎತ್ತಿಕೊಳ್ಳುತ್ತಾರೆ, ಮೊದಮೊದಲು ಮಂಚದ ಮೇಲೆ ಕೂತು, ಈಗ ನಿಂತುಕೊಂಡೇ. ಸಾಲದಲ್ಲಿ ನಲವತ್ತು ಸಾವಿರ ಬಾಕಿ ಇದೆ, ಅದನ್ನು ಈಗ ಮಗ ತೀರಿಸುತ್ತಿದ್ದಾನೆ.

ಎದ್ದು ಹೊರಡುವಾಗ ಬಾಗಿಲ ಹತ್ತಿರ ನಿಂತು ಚಪ್ಪಲಿ ಹುಡುಕುತ್ತಿದ್ದರು. ಬಲಗೈಯ ಹೆಬ್ಬೆರಳು ತೋರುಬೆರಳಿಗೆ ಹೋಯಿತು, ನಡುಬೆರಳಿಗೆ ಹೋಯಿತು. ನಾನು ನೋಡಿದ್ದನ್ನು ಅವರೂ ನೋಡಿದರು.

"ಇವತ್ತಿನದು ಇದು ಎರಡನೇದು ಮೇಡಂ" ಅಂದು, ಚಪ್ಪಲಿ ಮೆಟ್ಟಿಕೊಂಡು ಹೆಂಡತಿಯ ಹಿಂದೆ ಮೆಟ್ಟಿಲು ಇಳಿದರು.